ಬಲಗಿವಿಯ ಸೀಳು

ಕಾರ್ಯದರ್ಶಿ ಪರಮಣ್ಣ ಎರಡು ಹಾಳೆಗಳನ್ನು ಮೇಜಿನ ಮೇಲೆ ಪಕ್ಕಪಕ್ಕಕ್ಕೆ ಹರಡಿದರು. ಫ್ಯಾನಿನ ಗಾಳಿಗೆ ಹಾರದಂತೆ ಒಂದರ ಮೇಲೆ ಕನ್ನಡಕದ ಡಬ್ಬಿ, ಇನ್ನೊಂದರ ಮೇಲೆ ಎಲೆಅಡಿಕೆಯ ಚೀಲ ಇಟ್ಟರು. ಒಂದು ಹಾಳೆ ಕುರಿಗಾರರ ಸಂಘದ ದೇವದುರ್ಗದ ಕಚೇರಿಯಿಂದ ಬಂದದ್ದು, ಇನ್ನೊಂದು ಮಾನ್ವಿಯದು. ಎರಡರಲ್ಲೂ ಕುರಿಗಾರ ದುರುಗಪ್ಪನ ಹೆಸರಿನ ಮುಂದೆ, ಹಿಂಡು ಯಾರದೆಂದು ತಿಳಿಯಲು ಕೊಯ್ಯುವ ಕಿವಿಗುರುತು ಒಂದೇ ಇತ್ತು. ಬಲಗಿವಿ, ತುದಿ ಸೀಳು.

“ಎರಡೂ ಕಡಿ ಒಂದೇ ಅದಲ್ರೀ, ತಪ್ಪೇನದ ಅಂತ ಕೇಳ್ತಾನ ಮಾನ್ವಿ ಗುಮಾಸ್ತ,” ಎಂದರು. “ಅವ ಹೊಸಬ, ಅವಗ ಗೊತ್ತಿಲ್ಲ. ನಿನಗ ಗೊತ್ತದ.”

ಯಮನೂರಪ್ಪನಿಗೆ ಗೊತ್ತಿತ್ತು. ಎರಡೂ ಕಡೆ ಒಂದೇ ಇದೆ ಎಂದರೆ ಒಂದು ಕಡೆ ತಪ್ಪಿದೆ ಎಂದೇ ಅರ್ಥ.

ದೇವದುರ್ಗದ ಕಡೆಯ ಕುರಿಗಾರರು ಕುರಿಯ ಹಿಂದೆ ನಿಂತು ಕಿವಿ ಹೇಳುತ್ತಾರೆ. ಕುರಿಯ ಬಲ ಅವರಿಗೂ ಬಲ. ಮಾನ್ವಿಯ ಕಡೆಯವರು ಕುರಿಯ ಗದ್ದ ಹಿಡಿದೆತ್ತಿ ಮುಖಕ್ಕೆ ಮುಖ ಕೊಟ್ಟು ನೋಡುತ್ತಾರೆ. ತಮ್ಮ ಬಲಗೈಯ ಕಡೆಗೆ ಬಂದದ್ದು ಅವರಿಗೆ ಬಲಗಿವಿ. ಕುರಿ ಅದೇ, ಕಿವಿಯ ಮೇಲಿನ ಕೊಯ್ತವೂ ಅದೇ, ಹೆಸರು ಮಾತ್ರ ತಿರುಗಾಮುರುಗಾ. ಯಮನೂರಪ್ಪ ಇದನ್ನು ಹೊರಗೆಲ್ಲೂ ಕಲಿಯಬೇಕಾಗಿರಲಿಲ್ಲ. ಅವನ ಅಪ್ಪ ದೇವದುರ್ಗ ತಾಲೂಕಿನವನು, ಅವ್ವ ಭೀಮವ್ವ ಮಾನ್ವಿ ಕಡೆಯಿಂದ ಬಂದವಳು. ಬಲ ಯಾವುದು, ಎಡ ಯಾವುದು ಎಂಬ ಜಗಳ ಕೇಳುತ್ತಲೇ ಅವನು ದೊಡ್ಡವನಾಗಿದ್ದ.

ಅದು ಎಂಬತ್ತೇಳರ ಬೇಸಿಗೆ. ಕುರಿಗಾರರ ಸಂಘಕ್ಕೆ ಅದರ ಹಿಂದಿನ ವರ್ಷವಷ್ಟೇ ಒಂದು ಕಂಪ್ಯೂಟರ್ ಬಂದಿತ್ತು. ರಾಯಚೂರಿನ ತೀನ್ ಕಂದಿಲ್ ವೃತ್ತದ ಹಿಂದಿನ ಗಲ್ಲಿಯಲ್ಲಿ, ಮಹಡಿಯ ಮೇಲಿನ ಕೋಣೆಯೊಂದರಲ್ಲಿ ಅದನ್ನು ಇಟ್ಟಿದ್ದರು. ಬಿಎಸ್ಸಿ ಮುಗಿಸಿ ಸುಮ್ಮನೆ ಕೂತಿದ್ದ ಯಮನೂರಪ್ಪನನ್ನು ಕಾರ್ಯದರ್ಶಿ ಪರಮಣ್ಣನೇ ಮೂರು ತಿಂಗಳು ಹೈದರಾಬಾದಿಗೆ ಕಳಿಸಿ, ಸಿ ಭಾಷೆಯಲ್ಲಿ ಪ್ರೋಗ್ರಾಮು ಬರೆಯುವುದನ್ನು ಕಲಿಸಿದ್ದರು. ಎರಡು ತಾಲೂಕಿನ ಆರುನೂರು ಚಿಲ್ಲರೆ ಹಿಂಡುಗಳ ಕಿವಿಗುರುತು ಒಂದೇ ಪಟ್ಟಿಯಲ್ಲಿ ಸೇರಿತು. ಪಟ್ಟಿ ಫ್ಲಾಪಿಯಲ್ಲಿ ಇರುತ್ತಿದ್ದುದು ದೇವದುರ್ಗದ ರೀತಿಯಲ್ಲಿ. ಮಾನ್ವಿಗೆ ಕಳಿಸುವ ಪ್ರತಿ ಅಚ್ಚಾಗುವಾಗ ಮಾತ್ರ ಬಲ ಎಡವಾಗಿ, ಎಡ ಬಲವಾಗಿ ತಿರುಗಬೇಕು. ಅದಕ್ಕೆಂದೇ ಅವನು ಪ್ರೋಗ್ರಾಮಿನ ಒಳಗೆ ಒಂದು ತುಣುಕು ಬರೆದಿದ್ದ, ಅದಕ್ಕೆ ‘ತಿರುಗು’ ಎಂದು ಹೆಸರಿಟ್ಟಿದ್ದ. ಅಪ್ಪ ಅವ್ವನ ಜಗಳ ಹನ್ನೆರಡು ಸಾಲಿನಲ್ಲಿ ಮುಗಿದಿತ್ತು.

ಈಗ ಮಾನ್ವಿಯ ಹಾಳೆ ತಿರುಗದೇ ಬಂದಿತ್ತು. ಅದರಿಂದ ಎಂಟು ಕುರಿಗಳು ಕೈ ಬದಲಾಗಿದ್ದವು.

ಆದದ್ದು ಇಷ್ಟು. ಹೊಳೆದಂಡೆಯಲ್ಲಿ ನೀರು ಕುಡಿಸುವಾಗ ಸುಳಿಗಾಳಿ ಎದ್ದು, ಧೂಳಿನಲ್ಲಿ ಎರಡು ಹಿಂಡು ಬೆರೆತವು. ಒಂದು ದೇವದುರ್ಗ ತಾಲೂಕಿನ ದುರುಗಪ್ಪನದು, ಇನ್ನೊಂದು ಮಾನ್ವಿ ತಾಲೂಕಿನ ಮಾಳಿಂಗಪ್ಪನದು. ಬೇರ್ಪಡಿಸುವಾಗ ದುರುಗಪ್ಪನ ಎಂಟು ಕುರಿ ಆ ಕಡೆಗೆ ಹೋದವು. ದುರುಗಪ್ಪ ಮಾನ್ವಿಯ ಕಚೇರಿಗೆ ಹೋಗಿ ಕೇಳಿದ. ಗುಮಾಸ್ತ ಒಂದು ಕುರಿಯನ್ನು ತರಿಸಿ, ಅಲ್ಲಿಯ ರೂಢಿಯಂತೆ ಎದುರಿಗೆ ನಿಂತು ನೋಡಿದ. ಸೀಳು ಎಡಗಡೆ ಕಂಡಿತು. ಹಾಳೆಯಲ್ಲಿ ಎಡಗಿವಿ ತುದಿ ಸೀಳು ಯಾರದೆಂದು ಹುಡುಕಿದ. ಮಾಳಿಂಗಪ್ಪನದು. ಮಾಳಿಂಗಪ್ಪನಿಗೆ ತನ್ನ ಕುರಿ ಯಾವುದೆಂದು ಗೊತ್ತಿರಲಿಲ್ಲ ಎಂದು ಯಾರೂ ನಂಬುವುದಿಲ್ಲ. ಆದರೆ ಕುರಿ ನಿನ್ನವೇ ಎಂದು ಗುಮಾಸ್ತ ಕಾಗದ ಬರೆದುಕೊಡುತ್ತೇನೆಂದಾಗ ಅವನು ಬೇಡ ಎನ್ನಲಿಲ್ಲ. ವಾರದೊಳಗೆ ಆ ಎಂಟೂ ರಾಯಚೂರಿನ ಕುರಿ ವ್ಯಾಪಾರಿ ಗುಲಾಮ್ ದಸ್ತಗೀರ್ ಅವರ ದೊಡ್ಡಿ ಸೇರಿದವು.

“ಈ ಪಟ್ಟಿ ಟೈಪ್ ಮಾಡಿ ತೆಗಿಯೋರು ಯಾರು?” ಪರಮಣ್ಣ ಕೇಳಿದರು.

“ಸುಗ್ರಾ.”

ಪ್ರೋಗ್ರಾಮು ನನ್ನದು ಎಂದು ಯಮನೂರಪ್ಪ ಸೇರಿಸಬಹುದಿತ್ತು. ಒಮ್ಮೊಮ್ಮೆ ನಾನೂ ಕೂರುತ್ತೇನೆ ಎನ್ನಬಹುದಿತ್ತು. ಕೇಳಿದ್ದಕ್ಕೆ ಉತ್ತರ ಕೊಟ್ಟೆನಲ್ಲ ಎಂದುಕೊಂಡು ಸುಮ್ಮನಾದ. ಪರಮಣ್ಣ ಎಲೆಗೆ ಸುಣ್ಣ ಸವರುತ್ತ, ಯಾವುದೋ ಬೋರ್ಡು ಓದುವವರ ಹಾಗೆ ಮೆಲ್ಲಗೆ ಹೇಳಿದರು.

“ದಸ್ತಗೀರನ ಮಗಳು.”

*

ಸುಗ್ರಾ ಬೇಗಂ ಪಿಯುಸಿ ಮುಗಿಸಿ ಟೈಪಿಂಗ್ ಕಲಿತವಳು. ಅವಳಷ್ಟು ವೇಗವಾಗಿ, ಅವಳಷ್ಟು ತಪ್ಪಿಲ್ಲದೆ ಕೀಲಿ ಒತ್ತುವವರು ಸಂಘಕ್ಕೆ ಇನ್ನೊಬ್ಬರು ಸಿಕ್ಕಿರಲಿಲ್ಲ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ಬಾಗಿಲು ತೆಗೆಯುತ್ತಿದ್ದಳು. ಕಂಪ್ಯೂಟರಿನ ಮೇಲಿನ ಧೂಳು ಒರೆಸಿ, ಬುರ್ಖಾ ಮಡಚಿ ಕುರ್ಚಿಯ ಬೆನ್ನಿಗೆ ಹಾಕಿ ಕೆಲಸಕ್ಕೆ ಕೂರುತ್ತಿದ್ದಳು. ಅವಳ ಹತ್ತಿರ ನೀಲಿ ರಟ್ಟಿನ ಒಂದು ನೋಟುಬುಕ್ಕು ಇತ್ತು. ಪ್ರಿಂಟರು ನಿಂತ ಕೂಡಲೇ ಅದರಲ್ಲಿ ಒಂದು ಸಾಲು ಬರೆಯುತ್ತಿದ್ದಳು. ಉರ್ದುವಿನಲ್ಲಿ, ಬಲದಿಂದ ಎಡಕ್ಕೆ.

ಇಷ್ಟು ದಿನ ಯಮನೂರಪ್ಪ ಆ ಪುಸ್ತಕವನ್ನು ಕಂಡೂ ಕಾಣದವನಂತೆ ಇದ್ದ. ಆ ಮಧ್ಯಾಹ್ನ ಅದೇ ಕಣ್ಣಿಗೆ ಬೀಳತೊಡಗಿತು. ಸಂಘದ ಲೆಕ್ಕವೆಲ್ಲ ಕನ್ನಡದಲ್ಲಿದೆ, ಕಂಪ್ಯೂಟರಿನಲ್ಲಿ ಇಂಗ್ಲಿಷ್ ಅಕ್ಷರಗಳಿವೆ. ಈ ಮೂರನೆಯದು ಯಾರು ಓದಲೆಂದು?

“ಏನ್ ಬರಿತೀರಿ ಅದರಾಗ?” ಎಂದು ಕೇಳಿಯೇಬಿಟ್ಟ.

“ನೆನಪಿಗ್ರಿ ಸರ್. ಯಾವತ್ತು ಏನು ತೆಗದೆ ಅಂತ.” ಅವಳು ಪೆನ್ನಿನ ಕ್ಯಾಪು ಹಾಕಿದಳು. ಆಮೇಲೆ ಸ್ವಲ್ಪ ತಡೆದು, “ಅದರಾಗ ಒಂದು ಮಾತು ನಿಮಗ ಹೇಳೋದಿತ್ರಿ,” ಎಂದಳು.

“ಆಮ್ಯಾಲೆ,” ಎಂದು ಅವನು ಕಿಟಕಿಯ ಕಡೆಗೆ ತಿರುಗಿದ. ಏನೋ ಕತೆ ಕಟ್ಟುತ್ತಾಳೆ ಎನಿಸಿತ್ತು.

ಅವಳು ಹೋದ ಮೇಲೆ ಫ್ಲಾಪಿ ಹಾಕಿ ಪಟ್ಟಿಯನ್ನು ತೆರೆದು ನೋಡಿದ. ದುರುಗಪ್ಪ, ಬಲ. ಮಾಳಿಂಗಪ್ಪ, ಎಡ. ಎಲ್ಲ ಸರಿಯಾಗಿತ್ತು. ಒಳಗೆ ಸರಿ, ಹೊರಗೆ ಹೋದ ಹಾಳೆಯಲ್ಲಿ ತಪ್ಪು. ಹಾಗಾದರೆ ಅಚ್ಚಿಗೆ ಮೊದಲು ಬದಲಾಯಿಸಿ, ಅಚ್ಚಾದ ಮೇಲೆ ಮೊದಲಿನಂತೆ ಮಾಡಿಟ್ಟಿದ್ದಾರೆ. ಹೋಲಿಸಿ ನೋಡಲೆಂದು ಮಾನ್ವಿಯ ಪ್ರತಿಯೊಂದನ್ನು ತಾನೇ ಅಚ್ಚು ಹಾಕಿದ. ಅದು ತಕ್ಕಂತೆ ತಿರುಗಿ ಸರಿಯಾಗಿಯೇ ಬಂತು. ಪ್ರೋಗ್ರಾಮಿನಲ್ಲಿ ದೋಷವಿಲ್ಲ ಎಂಬುದಕ್ಕೆ ಇದೇ ಸಾಕ್ಷಿ ಎಂದು ಹಾಳೆಯನ್ನು ಮಡಚಿ ಜೇಬಿಗಿಟ್ಟು, ಪ್ರೋಗ್ರಾಮು ಮುಚ್ಚಿ ಮನೆಗೆ ಹೋದ.

ಮರುದಿನ ಬೆಳಿಗ್ಗೆ ಸುಗ್ರಾ ಆಗಲೇ ಬಂದಿದ್ದಳು. ಅವಳು ನೀರು ಕುಡಿಯಲು ಕೆಳಗಿಳಿದಾಗ ಅವನು ಪಟ್ಟಿಯನ್ನು ತೆರೆದ. ದುರುಗಪ್ಪ, ಎಡ. ಮಾಳಿಂಗಪ್ಪ, ಬಲ.

ನಿನ್ನೆ ಸಂಜೆ ಸರಿಯಿತ್ತು, ರಾತ್ರಿ ಕೋಣೆಗೆ ಬೀಗವಿತ್ತು, ಬೆಳಿಗ್ಗೆ ಬೀಗ ತೆಗೆದವಳು ಅವಳು. ಅವಳು ಮೇಲೆ ಬರುವಷ್ಟರಲ್ಲಿ ಪುರಾವೆಗೆಂದು ಮಾನ್ವಿಯ ಪ್ರತಿ ಅಚ್ಚು ಹಾಕಿಬಿಟ್ಟ. ತಪ್ಪು ಹಾಳೆಯೇ ಬಂತು. ಪ್ರೋಗ್ರಾಮು ಮುಚ್ಚಿ, ಹಾಳೆಯನ್ನು ಅಂಗಿಯೊಳಗೆ ಸೇರಿಸಿಕೊಂಡು ಪರಮಣ್ಣನವರ ಮನೆಗೆ ನಡೆದ. ಅವರು ಸ್ನಾನ, ಪೂಜೆ ಮುಗಿಸಿ ಬರಲು ಅರ್ಧ ತಾಸಾಯಿತು. ಇಬ್ಬರೂ ಬಂದು ಪರದೆಯ ಮೇಲೆ ನೋಡಿದರೆ ಪಟ್ಟಿ ಸರಿಯಾಗಿತ್ತು. ದುರುಗಪ್ಪ, ಬಲ. ಸುಗ್ರಾ ಪಕ್ಕದಲ್ಲಿ ಕೂತು ಹೊಸ ಸದಸ್ಯರ ಅರ್ಜಿಗಳನ್ನು ಜೋಡಿಸುತ್ತಿದ್ದಳು, ತಲೆ ಎತ್ತಲಿಲ್ಲ.

“ವಾಸನಿ ಹತ್ಯದ,” ಎಂದರು ಪರಮಣ್ಣ, ಮೆಟ್ಟಿಲು ಇಳಿಯುತ್ತ.

ಯಮನೂರಪ್ಪ ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ. ಅವನ ಮೌನಕ್ಕೆ ಆ ಕಚೇರಿಯಲ್ಲಿ ಬೆಲೆಯಿತ್ತು. ಮಾತು ಕಡಿಮೆಯಿರುವವನು ಸುಳ್ಳು ಹೇಳುವುದಿಲ್ಲ ಎಂದು ಜನ ತಿಳಿದುಕೊಂಡಿದ್ದರು. ಅವನೂ ಹಾಗೆಯೇ ತಿಳಿದಿದ್ದ.

ಆ ಸಂಜೆಯೇ ಸುಗ್ರಾಳಿಗೆ ಸದ್ಯಕ್ಕೆ ಬರುವುದು ಬೇಡ ಎಂದು ಹೇಳಿಸಿದರು. ಯಾಕೆ ಎಂದು ಅವಳು ಕೇಳಲಿಲ್ಲ, ಆ ಸುದ್ದಿ ಮಾರುಕಟ್ಟೆಯಿಂದ ಆ ಹೊತ್ತಿಗಾಗಲೇ ಅವಳಿಗಿಂತ ಮುಂಚೆ ಅವಳ ಅಪ್ಪನ ದೊಡ್ಡಿ ಮುಟ್ಟಿತ್ತು. ಹೋಗುವಾಗ ನೀಲಿ ಪುಸ್ತಕವನ್ನು ಚೀಲಕ್ಕೆ ಹಾಕಿಕೊಂಡಳು. ಯಮನೂರಪ್ಪನ ಮೇಜಿನ ಮುಂದೆ ಒಂದು ಗಳಿಗೆ ನಿಂತಳು. ಅವನು ಪ್ರಿಂಟರಿನ ಹಾಳೆಗಳ ತೂತಿನ ಅಂಚು ಹರಿಯುತ್ತ ಕೂತಿದ್ದ. ಅವಳು ಹೋದಳು.

*

ಅಲ್ಲಿಂದ ಮುಂದೆ ಫ್ಲಾಪಿಯನ್ನು ಅವನು ಕಚೇರಿಯಲ್ಲಿ ಬಿಡಲಿಲ್ಲ. ದಿನವೂ ಮನೆಗೆ ತಂದು ಟ್ರಂಕಿನಲ್ಲಿಟ್ಟು, ಬೀಗದ ಕೈಯನ್ನು ಉಡಿದಾರಕ್ಕೆ ಕಟ್ಟಿಕೊಳ್ಳುತ್ತಿದ್ದ. ಎಂಟು ದಿನ ಪಟ್ಟಿ ಒಂದಿಷ್ಟೂ ಅಲುಗಲಿಲ್ಲ. ದಿನವೂ ತೆರೆದು ನೋಡುತ್ತಿದ್ದ. ದುರುಗಪ್ಪ ಬಲ, ಮಾಳಿಂಗಪ್ಪ ಎಡ. ಅವಳು ಹೋದ ಮೇಲೆ ಎಲ್ಲ ನೆಟ್ಟಗಿದೆ ಎಂದು ಪರಮಣ್ಣ ಮುಂದಿನ ಸೋಮವಾರದ ಸಭೆಯಲ್ಲಿ ವಿಷಯ ಇಡುವುದಾಗಿ ಹೇಳಿದರು. ಅವಳನ್ನು ತೆಗೆದುಹಾಕುವುದು, ದಸ್ತಗೀರ್ ಅವರಿಗೆ ಸಂಘದವರು ಇನ್ನು ಮೇಲೆ ಕುರಿ ಕೊಡಬಾರದೆಂದು ಠರಾವು ಮಾಡುವುದು. ಆ ಠರಾವಾದರೆ ದಸ್ತಗೀರ್ ಅವರ ದೊಡ್ಡಿ ಮುಚ್ಚಿದಂತೆಯೇ. ಪಟ್ಟಿಗೆ ಕೈಯಾಡಿಸಿದವಳು ಎಂಬ ಹೆಸರು ಬಿದ್ದ ಮೇಲೆ ಆ ಹುಡುಗಿಯನ್ನು ಊರಿನಲ್ಲಿ ಯಾವ ಕಚೇರಿಯೂ ಒಳಗೆ ಬಿಟ್ಟುಕೊಳ್ಳುವುದಿಲ್ಲ.

ಶುಕ್ರವಾರ ಮಾನ್ವಿಗೆ ಸರಿಯಾದ ಪ್ರತಿ ಕಳಿಸಬೇಕಿತ್ತು. ಯಮನೂರಪ್ಪ ತಾನೇ ಅಚ್ಚು ಹಾಕಿ, ಒಂದೊಂದು ಹೆಸರಿಗೂ ಬೆರಳಿಟ್ಟು ನೋಡಿ ಬಸ್ಸಿಗೆ ಕೊಟ್ಟ. ಫ್ಲಾಪಿ ಟ್ರಂಕಿಗೆ ಹೋಯಿತು.

ಶನಿವಾರ ಬೆಳಿಗ್ಗೆ ಪಟ್ಟಿ ತೆರೆದ. ದುರುಗಪ್ಪ, ಎಡ.

ಅವನು ಪರದೆಯನ್ನು ಆರಿಸಿದ. ಯಾರಾದರೂ ನೋಡಿದರೇನೋ ಎಂಬಂತೆ ಬಾಗಿಲ ಕಡೆ ಕಣ್ಣು ಹಾಯಿಸಿದ. ಯಾರೂ ಇರಲಿಲ್ಲ. ಬೀಗದ ಕೈ ಸೊಂಟದಲ್ಲೇ ಇತ್ತು, ಮುಟ್ಟಿ ನೋಡಿಕೊಂಡ. ಅವಳಿಗೆ ಇನ್ನೊಂದು ಫ್ಲಾಪಿ ಇದೆಯೇ? ದಸ್ತಗೀರ್ ಯಾರನ್ನಾದರೂ ಮನೆಗೆ ಕಳಿಸಿದರೇ? ಮನೆಯಲ್ಲಿ ಇದ್ದದ್ದು ಅವ್ವ ಒಬ್ಬಳೇ. ಕಣ್ಣಿನ ಪೊರೆ ತೆಗೆಸಿಕೊಳ್ಳಲು ಬಂದವಳು, ಒಂದು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಹದಿನೈದು ದಿನದಿಂದ ಅವನ ಬಾಡಿಗೆ ಮನೆಯಲ್ಲಿದ್ದಳು. ಫ್ಲಾಪಿ ತೆಗೆದುಕೊಂಡು ಬಿರಬಿರನೆ ಮನೆಗೆ ಬಂದ.

ಭೀಮವ್ವ ಪಡಸಾಲೆಯಲ್ಲಿ ಕೂತು ಕೈಯಂದಾಜಿನಲ್ಲೇ ಉಣ್ಣೆ ಹಿಂಜುತ್ತಿದ್ದಳು.

“ನಿನ್ನಿ ನಾ ಇಲ್ಲದಾಗ ಯಾರರ ಬಂದಿದ್ರೇನು ಯವ್ವಾ? ಟ್ರಂಕ್ ಮುಟ್ಟಿದ್ರೇನು?”

ಅವಳು ಹಿಂಜುವುದನ್ನು ನಿಲ್ಲಿಸಿ, ಪಟ್ಟಿಯಿಲ್ಲದ ಕಣ್ಣನ್ನು ಅವನ ಕಡೆಗೆ ತಿರುಗಿಸಿದಳು.

“ನನ್ನನ್ನ ಕೇಳಾಕತ್ತಿ?”

ಅವನು ಹೊಸ್ತಿಲ ಮೇಲೆ ಕೂತ. ಮಾತು ಕಡಿಮೆಯಿರುವವನು ಒಮ್ಮೆ ಬಾಯಿ ತೆರೆದರೆ ನಿಲ್ಲಿಸುವುದಿಲ್ಲ. ಎರಡು ಹಾಳೆ, ಎಂಟು ಕುರಿ, ಸುಗ್ರಾ, ಟ್ರಂಕು, ಎಲ್ಲ ಹೇಳಿದ. ಕಿವಿ ತಿರುಗಿಸಲು ತಾನು ಬರೆದ ತುಣುಕಿನ ಬಗ್ಗೆಯೂ ಹೇಳಿದ. ಪಟ್ಟಿಯನ್ನು ಅದರ ಹತ್ತಿರ ಕಳಿಸುತ್ತೇನೆ, ಅದು ತಿರುಗಿಸಿ ಅಚ್ಚು ಹಾಕುತ್ತದೆ, ಕಳಿಸುವುದು ನಕಲಾದ್ದರಿಂದ ನಮ್ಮ ಪಟ್ಟಿಗೆ ಏನೂ ಆಗುವುದಿಲ್ಲ ಎಂದ.

“ಕಳಿಸಿದ್ದು ಕುರಿನೋ, ಕುರಿ ಗುರುತು ಬರದ ಚೀಟಿನೋ?” ಎಂದಳು ಭೀಮವ್ವ.

“ಚೀಟಿ ಇದ್ದಂಗ.”

“ಇದ್ದಂಗ ಅಂದ್ರ? ನೀ ನೋಡಿಯೇನು?” ಅವಳು ಮತ್ತೆ ಉಣ್ಣೆಗೆ ಕೈ ಹಾಕಿದಳು. “ನೀ ಹುಟ್ಟಿದ ವರ್ಷ ನಮ್ಮಣ್ಣಗ ಎರಡು ಹೆಣ್ಣು ಕುರಿ ಪಾಲಿಗೆ ಕೊಟ್ಟಿದ್ದೆ. ಮೇಸಲಿ, ಮರಿ ಅರ್ಧ ತಗೊಳ್ಲಿ ಅಂತ. ಅವರ ಮನ್ಯಾಗ ಯಾರೋ ತಿಳೀದೆ ಅವಕ್ಕೂ ತಮ್ಮ ಗುರುತು ಹಾಕಿಬಿಟ್ರು. ತಿರುಗಿ ಬಂದಾಗ ಎರಡೂ ಕಿವಿ ಕೊಯ್ದಿದ್ವು. ನಿಮ್ಮಪ್ಪ ಒಂದು ತಿಂಗಳು ನನ್ನ ಕೂಡ ಮಾತಾಡ್ಲಿಲ್ಲ. ಕೊಟ್ಟಿದ್ದು ಕುರಿನ ಆದ ಮ್ಯಾಲ ಅಲ್ಲಿ ಕೊಯ್ದ ಕಿವಿ ಇಲ್ಲಿ ನೆಟ್ಟಗ ಹ್ಯಾಂಗ ಇರ್ತದ?”

ಯಮನೂರಪ್ಪ ಎದ್ದು ಟ್ರಂಕಿನ ತಳದಿಂದ ಹೈದರಾಬಾದಿನ ಟಿಪ್ಪಣಿ ಪುಸ್ತಕವನ್ನು ಹೊರಗೆಳೆದ.

ಆ ತರಗತಿಯ ದಿನ ಅವನಿಗೆ ಚೆನ್ನಾಗಿ ನೆನಪಿತ್ತು. ಒಂದು ತುಣುಕಿಗೆ ನೀವು ಕಳಿಸುವುದು ನಕಲು ಮಾತ್ರ, ಒಳಗೆ ಅದನ್ನು ಏನು ಮಾಡಿದರೂ ನಿಮ್ಮ ಅಸಲಿಗೆ ಧಕ್ಕೆಯಿಲ್ಲ ಎಂದು ಮೇಷ್ಟ್ರು ಹೇಳಿದ್ದರು. ತಹಶೀಲ್ ಕಚೇರಿಯ ನಕಲು, ಅಸಲು ನೋಡಿ ಬೆಳೆದವನಿಗೆ ಅದು ತಟ್ಟನೆ ಹಿಡಿಸಿತ್ತು. ಯಾರಿಗೆ ಏನು ಕೊಟ್ಟರೂ ತನ್ನದು ತನ್ನ ಹತ್ತಿರ ಹಾಗೆಯೇ ಉಳಿಯುವ ಒಂದು ಜಾಗ ಎಲ್ಲೋ ಇದೆ ಎಂಬುದು ಅವನ ಸ್ವಭಾವಕ್ಕೆ ಹೇಳಿ ಮಾಡಿಸಿದಂತಿತ್ತು. ಒಂದು ಅಂಕಿ ಕಳಿಸಿ ಪರೀಕ್ಷೆಯನ್ನೂ ಮಾಡಿದ್ದ. ಒಳಗೆ ಐದನ್ನು ಹತ್ತು ಮಾಡಿದರೂ ಹೊರಗೆ ಐದೇ ಉಳಿದಿತ್ತು. ಮುಂದಿನ ನಾಲ್ಕು ದಿನ ಅವನಿಗೆ ಜ್ವರ ಬಂದು ತರಗತಿಗೆ ಹೋಗಿರಲಿಲ್ಲ. ಆಮೇಲೆ ಯಾರದೋ ಪುಸ್ತಕ ನೋಡಿ ಆ ಪಾಠ ಬರೆದುಕೊಂಡಿದ್ದ. ಬರೆದುಕೊಂಡದ್ದನ್ನು ಓದಿರಲಿಲ್ಲ.

ಈಗ ಓದಿದ. ಒಂಟಿ ಅಂಕಿಯನ್ನು ಕಳಿಸಿದರೆ ನಕಲು ಹೋಗುತ್ತದೆ. ಸಾಲಾಗಿ ಜೋಡಿಸಿಟ್ಟ ಪಟ್ಟಿಯನ್ನು ಕಳಿಸಿದರೆ ಹೋಗುವುದು ಪಟ್ಟಿಯಲ್ಲ, ಅದು ಎಲ್ಲಿದೆ ಎಂಬ ವಿಳಾಸ. ತುಣುಕು ಆ ವಿಳಾಸ ಹಿಡಿದು ಬಂದು ಅಸಲಿನ ಮೇಲೆಯೇ ಕೈಯಾಡಿಸುತ್ತದೆ. ತಾನೇ ಬರೆದುಕೊಂಡ ಅಕ್ಷರ. ಕೆಳಗೊಂದು ಗೆರೆ ಬೇರೆ ಎಳೆದಿದ್ದ.

*

ಮತ್ತೆ ಕಚೇರಿಗೆ ಹೋಗಿ ಬಾಗಿಲು ಹಾಕಿಕೊಂಡ. ಆಗಲೂ ಅವನಿಗೆ ಪೂರ್ತಿ ನಂಬಿಕೆ ಬಂದಿರಲಿಲ್ಲ, ಅಥವಾ ನಂಬಲು ಮನಸ್ಸಿರಲಿಲ್ಲ. ಸುಗ್ರಾಳೇ ಮಾಡಿದ್ದರೆ ಎಷ್ಟು ಹಗುರಾಗುತ್ತಿತ್ತು.

ಪಟ್ಟಿ ತೆರೆದು ಮೊದಲ ಸಲ ಎಲ್ಲ ಹೆಸರನ್ನೂ ನೋಡಿದ. ಇಷ್ಟು ದಿನ ಎಲ್ಲರೂ ನೋಡಿದ್ದು ಎರಡೇ ಸಾಲು, ದುರುಗಪ್ಪನದು ಮತ್ತು ಮಾಳಿಂಗಪ್ಪನದು. ಬದಲಾಗಿದ್ದು ಅವೆರಡೇ ಅಲ್ಲ. ಒಂದೇ ಕಿವಿಗೆ ಗುರುತಿದ್ದ ಪ್ರತಿಯೊಬ್ಬರದೂ ತಿರುಗಿತ್ತು, ನಾನೂರಕ್ಕೂ ಹೆಚ್ಚು ಹಿಂಡು. ಎರಡೂ ಕಿವಿಗೆ ಒಂದೇ ಕೊಯ್ತ ಇದ್ದವರು ಮಾತ್ರ ಇದ್ದಂತೆ ಇದ್ದರು. ಎಂಟು ಕುರಿಗಾಗಿ ನಾನೂರು ಹೆಸರು ತಿದ್ದುವ ಕಳ್ಳ ಇರುವುದಿಲ್ಲ.

ಮಾನ್ವಿಯ ಪ್ರತಿ ಅಚ್ಚು ಹಾಕಿ, ಈ ಸಲ ಪ್ರೋಗ್ರಾಮು ಮುಚ್ಚದೆ ಪಟ್ಟಿ ನೋಡಿದ. ತಿರುಗಿತ್ತು, ಸರಿಯಾಗಿತ್ತು. ಇನ್ನೊಮ್ಮೆ ಅಚ್ಚು. ಮತ್ತೆ ತಿರುಗಿತು, ತಪ್ಪಾಯಿತು. ಪ್ರೋಗ್ರಾಮು ಮುಚ್ಚುವಾಗ ಪಟ್ಟಿಯನ್ನು ಇದ್ದ ಹಾಗೆಯೇ ಫ್ಲಾಪಿಗೆ ಬರೆದಿಡುವಂತೆ ಮಾಡಿದ್ದವನೂ ಅವನೇ. ಅಂದು ಹೋಲಿಸಿ ನೋಡಲೆಂದು ಅಚ್ಚು ಹಾಕಿದಾಗ ಪಟ್ಟಿಯನ್ನು ಕೆಡಿಸಿದ್ದು ಆ ಅಚ್ಚು. ಮರುದಿನ ಪರಮಣ್ಣನಿಗೆ ತೋರಿಸಲು ಇನ್ನೊಮ್ಮೆ ಹಾಕಿದಾಗ ಸರಿಪಡಿಸಿದ್ದೂ ಅದೇ. ಆ ಅರ್ಧ ತಾಸು ಸುಗ್ರಾ ಅರ್ಜಿಗಳನ್ನಷ್ಟೇ ಜೋಡಿಸಿದ್ದಳು.

ಮಧ್ಯಾಹ್ನದ ಬಿಸಿಲಿನಲ್ಲೇ ಪರಮಣ್ಣನವರ ಮನೆಗೆ ಹೋಗಿ ಹೇಳಿದ. ಅವರು ಅಂಗಳಕ್ಕೆ ಹೋಗಿ ಬಾಯೊಳಗಿನ ಎಲೆ ಉಗಿದು ಬಂದರು.

“ಮಿಷಿನ್ ತಪ್ಪು ಅಂತ ಬರೆಯೋಣ,” ಎಂದರು. “ಆ ಹುಡಿಗಿನ್ನ ಮತ್ತೊಮ್ಮೆ ಕರಿಯೋದು ಬ್ಯಾಡ, ಇಷ್ಟೆಲ್ಲ ಆದ ಮ್ಯಾಲ. ಹ್ಯಾಂಗೂ ಸುದ್ದಿ ಹೋಗ್ಯದ.”

“ಮಿಷಿನ್ದು ಅಲ್ರಿ, ನಂದು. ಸುದ್ದಿ ಹೋಗಿದ್ದೂ ನನ್ನ ಬಾಯಿಂದನ.”

“ನೀ ಏನ್ ಹೇಳಿದಿ? ಹೆಸರು ಕೇಳಿದ್ದಕ್ಕ ಹೆಸರು ಹೇಳಿದಿ.”

ಅದು ನಿಜವಾಗಿತ್ತು. ಒಂದೇ ಹೆಸರು ಕೊಟ್ಟಿದ್ದ. ಅದನ್ನು ಹಿಡಿದುಕೊಂಡು ಜನ ನೇರವಾಗಿ ಅವಳ ಮನೆ ಬಾಗಿಲಿಗೇ ಹೋಗಿದ್ದರು. ಕೊಟ್ಟ ಮೇಲೂ ತನ್ನ ಹತ್ತಿರ ಅವಳು ಮೊದಲಿನಂತೆಯೇ ಇರುತ್ತಾಳೆ ಎಂದು ಅವನು ಆಗ ಅಂದುಕೊಂಡಿದ್ದನೇ? ಅಷ್ಟೂ ಯೋಚಿಸಿರಲಿಲ್ಲ.

*

ದಸ್ತಗೀರ್ ಅವರ ದೊಡ್ಡಿ ಸ್ಟೇಷನ್ ಕಡೆಯ ರಸ್ತೆಯಲ್ಲಿತ್ತು. ಬೇವಿನ ಮರದ ಕೆಳಗೆ ಹಗ್ಗದ ಮಂಚದ ಮೇಲೆ ಕೂತಿದ್ದ ಅವರು ಯಮನೂರಪ್ಪನನ್ನು ಕಂಡು ಏಳಲಿಲ್ಲ. ಮರದ ನೆರಳಿಗೆ ಇನ್ನೂ ನಾಲ್ಕೈದು ವ್ಯಾಪಾರಿಗಳು ಇದ್ದರು.

“ಬಾ ತಮ್ಮಾ. ಇನ್ನೇನು ನೋಡೋದು ಉಳದದ? ಕುರಿ ಕಿವಿ ನೋಡೀರಿ, ನನ್ನ ಮಗಳ ಪುಸ್ತಕ ನೋಡೀರಿ. ನನ್ನ ಕಿವಿನೂ ನೋಡ್ತಿ ಏನು?”

ಯಾರೋ ಮೂಗಿನಲ್ಲಿ ನಕ್ಕರು. ಒಳಗೆ ಹೋಗಿ ಮಾತಾಡೋಣ ಎನ್ನಬೇಕೆನಿಸಿತು ಯಮನೂರಪ್ಪನಿಗೆ. ಅನ್ನಲಿಲ್ಲ. ನಿಂತಲ್ಲೇ, ಅಷ್ಟೂ ಜನರ ಎದುರಿಗೆ, ತಪ್ಪು ತನ್ನ ಪ್ರೋಗ್ರಾಮಿನದೆಂದು, ಸುಗ್ರಾ ಏನನ್ನೂ ಮುಟ್ಟಿಲ್ಲವೆಂದು ಹೇಳಿದ. ಹೇಗೆಂದು ಅವರು ಕೇಳಿದಾಗ ಅವ್ವ ಕುರಿ ಪಾಲಿಗೆ ಕೊಟ್ಟ ಮಾತನ್ನೇ ಹೇಳಿದ. ವ್ಯಾಪಾರಿಗಳಿಗೆ ಅದು ಅವನಿಗಿಂತ ಬೇಗ ತಿಳಿಯಿತು.

ಬಾಗಿಲ ಮರೆಯಿಂದ ಸುಗ್ರಾ ಹೊರಗೆ ಬಂದಳು. ಕೈಯಲ್ಲಿ ನೀಲಿ ಪುಸ್ತಕವಿತ್ತು. ಅದನ್ನು ಬಿಡಿಸಿ, ಓದುವ ದನಿಯಲ್ಲಿ ಹೇಳಿದಳು.

“ಮಾನ್ವಿ, ಒಂದನೇ ಸಲ. ಮೊದಲ ಹೆಸರು, ಎಡ. ಎರಡನೇ ಸಲ, ಬಲ. ಮೂರನೇ ಸಲ, ಎಡ. ನಾಕನೇ ಸಲ, ಬಲ.” ಪುಸ್ತಕ ಮುಚ್ಚಿದಳು. “ಅಚ್ಚು ಆದ ಕೂಡ್ಲೆ ಮೊದಲ ಹೆಸರಿನ ಗುರುತು ಬರದಿಡ್ತಿದ್ದೆ. ಒಂದು ಸಲ ಹಂಗ, ಒಂದು ಸಲ ಹಿಂಗ ಬರ್ತದ, ಯಾಕ ಅಂತ ಕೇಳಬೇಕಂತ ಬಂದಿದ್ದೆ. ನೀವು ಆಮ್ಯಾಲೆ ಅಂದ್ರಿ.”

ಯಮನೂರಪ್ಪನಿಗೆ ಆ ಮಧ್ಯಾಹ್ನದ ಕಿಟಕಿ ನೆನಪಾಯಿತು. ಕಿಟಕಿಯ ಹೊರಗೆ ಏನನ್ನು ನೋಡುತ್ತಿದ್ದೆನೆಂಬುದು ನೆನಪಾಗಲಿಲ್ಲ.

“ನಾಕರ ಆಮ್ಯಾಲಿನವು ಯಾರು ತೆಗದ್ರು?” ಅವಳು ಕೇಳಿದಳು.

“ನಾನು. ಐದನೇದು ಎಡ, ಆರನೇದು ಬಲ, ಏಳನೇದು ಎಡ. ಇವತ್ತು ಪರೀಕ್ಷಾಕ ಇನ್ನೆರಡು.”

ಅವಳು ಅಲ್ಲಿಯೇ ನಿಂತು ಅವನ್ನೂ ಬರೆದುಕೊಂಡಳು.

ಸೋಮವಾರದ ಸಭೆಯಲ್ಲಿ ಯಮನೂರಪ್ಪ ಅದನ್ನೇ ಮತ್ತೊಮ್ಮೆ ಹೇಳಿದ. ಮಾಳಿಂಗಪ್ಪ ತಲೆ ಬಗ್ಗಿಸಿ ಕೂತಿದ್ದ. ಎಂಟರಲ್ಲಿ ಆರು ಕುರಿ ದೊಡ್ಡಿಯಲ್ಲೇ ಇದ್ದವು, ದಸ್ತಗೀರ್ ಅವನ್ನು ದುರುಗಪ್ಪನ ಮುಂದೆ ತರಿಸಿ ನಿಲ್ಲಿಸಿದರು. ಉಳಿದೆರಡಕ್ಕೆ ಬದಲು ಕುರಿ ಕೊಡಲು ಮಾಳಿಂಗಪ್ಪ ಒಪ್ಪಿದ. ದುರುಗಪ್ಪ ಒಂದೊಂದೇ ಕುರಿಯ ಹಿಂದೆ ನಿಂತು ಕಿವಿ ಮುಟ್ಟಿ ನೋಡಿದ. ಆಮೇಲೆ ಎದುರಿಗೂ ಬಂದು ನಿಂತು ನೋಡಿದ. ಯಾರ ಮಾತೂ ಸಾಕಾಗದವನಂತೆ ಇದ್ದ ಅವನ ಮುಖ. ಪ್ರೋಗ್ರಾಮು ಬರೆದವನನ್ನು ಇಟ್ಟುಕೊಳ್ಳಬೇಕೋ ಬೇಡವೋ ಎಂದು ಕೆಲವರು ಕೇಳಿದರು. ಬೇರೆಯವನಿಲ್ಲ ಎಂದು ಪರಮಣ್ಣ ಅಂದದ್ದಕ್ಕೆ ಆ ಮಾತು ಅಲ್ಲಿಗೇ ನಿಂತಿತು. ಆದರೆ ಅಂದಿನಿಂದ ಅವನ ಮೌನವನ್ನು ಯಾರೂ ಮೊದಲಿನಂತೆ ನಂಬಲಿಲ್ಲ.

ತುಣುಕನ್ನು ತಿದ್ದುವುದು ಒಂದು ತಾಸಿನ ಕೆಲಸವಾಗಿತ್ತು. ಈಗ ಅದು ಮೊದಲು ಹೊಸ ಪಟ್ಟಿಯೊಂದಕ್ಕೆ ಪ್ರತಿ ಹೆಸರನ್ನೂ ಒಂದೊಂದಾಗಿ ನಕಲು ಮಾಡಿಕೊಳ್ಳುತ್ತಿತ್ತು. ಆ ನಕಲನ್ನು ತಿರುಗಿಸಿ ಅಚ್ಚು ಹಾಕಿ, ಕೊನೆಗೆ ಅದನ್ನು ಎಸೆಯುತ್ತಿತ್ತು. ಅಸಲನ್ನು ಮುಟ್ಟುತ್ತಿರಲಿಲ್ಲ. ಪರೀಕ್ಷೆಯಲ್ಲಿ ತಿರುಗಿ ಉಳಿದಿದ್ದ ಅಸಲು ಪಟ್ಟಿಯನ್ನು ಅವನು ಅದಕ್ಕೂ ಮೊದಲೇ ದೇವದುರ್ಗದ ರೀತಿಗೆ ತಂದಿಟ್ಟಿದ್ದ.

ಸುಗ್ರಾ ಗುರುವಾರ ಕೆಲಸಕ್ಕೆ ಬಂದಳು, ಒಂದು ಷರತ್ತಿನ ಮೇಲೆ. ನೀಲಿ ಪುಸ್ತಕ ಇನ್ನು ಮೇಲೆ ಮೇಜಿನ ಮೇಲೆಯೇ ಇರುತ್ತದೆ, ಅವಳು ಬರೆದ ಪ್ರತಿ ಸಾಲಿನ ಕೆಳಗೆ ಯಮನೂರಪ್ಪ ಸಹಿ ಹಾಕಬೇಕು. ಧೂಳು ಒರೆಸಿ, ಮಾನ್ವಿಯ ಪ್ರತಿಯನ್ನು ಎರಡು ಸಲ ಅಚ್ಚು ಹಾಕಿದಳು. ಎರಡನ್ನೂ ಕಿಟಕಿಯ ಬೆಳಕಿಗೆ ಒಂದರ ಮೇಲೊಂದು ಹಿಡಿದು ನೋಡಿದಳು. ಎರಡರಲ್ಲೂ ಒಂದೇ ಇತ್ತು. ಒಂದನ್ನು ಮಡಚಿ ತನ್ನ ಚೀಲದಲ್ಲಿ ಇಟ್ಟುಕೊಂಡಳು. ಯಾಕೆಂದು ಅವನು ಕೇಳಲಿಲ್ಲ.

ಅವಳು ಪುಸ್ತಕದಲ್ಲಿ ಒಂದು ಸಾಲು ಬರೆದು ಅವನ ಕಡೆಗೆ ಸರಿಸಿದಳು.

“ನನಗ ಓದಾಕ ಬರೂದಿಲ್ಲ,” ಎಂದ ಅವನು. “ಏನ್ ಬರದೀರಿ, ಓದಿ ಹೇಳ್ರಿ.”

ಅವಳು ಓದಿ ಹೇಳಿದಳು. ತಾರೀಖು, ಮಾನ್ವಿ, ಎರಡು ಪ್ರತಿ, ಎರಡರಲ್ಲೂ ಮೊದಲ ಹೆಸರು ಎಡ.

ಓದಿದ್ದಕ್ಕಿಂತ ಬರೆದದ್ದು ಉದ್ದವಾಗಿ ಕಂಡಿತು ಅವನಿಗೆ. ಸಾಲಿನ ಕೊನೆಯ ಎರಡು ಮೂರು ಅಕ್ಷರಗಳ ಮೇಲೆ ಕಣ್ಣು ನಿಂತಿತು. ಅವಳು ಕಾಯುತ್ತಿದ್ದಳು. ಅವಳು ಓದದೆ ಬಿಟ್ಟದ್ದೇನೋ ಇದೆ ಎಂದು ಬಂದ ಅನುಮಾನವನ್ನು ಅವನು ಈ ಸಲ ಯಾರ ಕೈಗೂ ಕೊಡಲಿಲ್ಲ, ತನ್ನಲ್ಲೇ ಇಟ್ಟುಕೊಂಡ. ಪೆನ್ನು ತೆಗೆದುಕೊಂಡು, ಬಲದಿಂದ ಎಡಕ್ಕೆ ಹೋಗುವ ಆ ಸಾಲಿನ ಕೆಳಗೆ, ಎಡದಿಂದ ಬಲಕ್ಕೆ ತನ್ನ ಹೆಸರು ಬರೆದ.